ಎರಡೂವರೆ ವರ್ಷದ ಚುರುಕು ಮಗಳಿಗೆ ಎಂಥ ಪ್ರೀ-ಸ್ಕೂಲ್ ಹುಡುಕಬೇಕು?

ಮಳೆಬಿಲ್ಲು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ಸಲಹೆ ಕೊಡಿ.

ಮಗಳಿಗೆ ಈಗ ಎರಡು ವರ್ಷ ಏಳು ತಿಂಗಳು. ಮಾತು ಬೇಗ ಬಂತು. ಈಗ ಪೂರ್ತಿ ವಾಕ್ಯದಲ್ಲಿ, ಅದೂ "ಯಾಕಂದ್ರೆ" ಸೇರಿಸಿ ಮಾತಾಡುತ್ತಾಳೆ. ಅಕ್ಷರಗಳನ್ನು ನಾವು ಕೂರಿಸಿ ಕಲಿಸಲಿಲ್ಲ. ಕಥೆ ಓದುವಾಗ ತಾನೇ ಕೇಳಿ ಕೇಳಿ ಅರ್ಧಕ್ಕಿಂತ ಜಾಸ್ತಿ ಗುರುತು ಹಿಡಿದಿದ್ದಾಳೆ. ಇಪ್ಪತ್ನಾಲ್ಕು ತುಂಡಿನ ಪಜಲ್ ಜೋಡಿಸುತ್ತಾಳೆ. ಇವೆಲ್ಲಕ್ಕಿಂತ ನನಗೆ ಆಶ್ಚರ್ಯ ತರುವುದು ಅವಳ ಪ್ರಶ್ನೆಗಳು. ಸದ್ಯಕ್ಕೆ ನೀರಿನ ಹುಚ್ಚು. "ನೀರು ಎಲ್ಲಿಗೆ ಹೋಯ್ತು? ಅಲ್ಲಿಂದ ಎಲ್ಲಿಗೆ? ಅಲ್ಲೂ ತುಂಬಿ ಹೋದ್ರೆ?" ಇವತ್ತು ಹೇಳಿದ ಉತ್ತರ ನೆನಪಿಟ್ಟುಕೊಂಡು ನಾಳೆ ಅಲ್ಲಿಂದ ಮುಂದಕ್ಕೆ ಕೇಳುತ್ತಾಳೆ.

ಬೇರೆ ಮಕ್ಕಳ ಒಡನಾಟ ಬೇಕು ಅನ್ನಿಸಿ ಪ್ರೀ-ಸ್ಕೂಲ್ ನೋಡಲು ಹೊರಟೆವು. ಒಂದು ಕಡೆ "ಮೂರು ತುಂಬುವಷ್ಟರಲ್ಲಿ ಓದಿಸುತ್ತೇವೆ" ಎಂದು ಭರವಸೆ ಕೊಟ್ಟರು. ಮಕ್ಕಳು ಸಾಲಾಗಿ ಕೂತಿದ್ದರು. ಟೀಚರ್ ಚಿತ್ರದ ಕಾರ್ಡ್ ಎತ್ತುವುದು, ಮಕ್ಕಳು ಒಟ್ಟಿಗೆ ಹೆಸರು ಕೂಗುವುದು. ಒಬ್ಬ ಹುಡುಗ ಆನೆಯ ಚಿತ್ರ ನೋಡಿ "ಇದರ ಕಣ್ಣು ಯಾಕೆ ಇಷ್ಟು ಚಿಕ್ಕದು?" ಅಂದ. "ಮೊದಲು ಹೆಸರು ಹೇಳು ಪುಟ್ಟಾ" ಎಂದು ಅವರು ಮುಂದಿನ ಕಾರ್ಡ್ ಎತ್ತಿದರು.

ಇನ್ನೊಂದು ಕಡೆ "ಇಲ್ಲಿ ಬರೀ ಆಟ" ಅಂದರು. ನನಗೆ ಖುಷಿಯಾಯಿತು. ಆದರೆ ಒಳಗೆ ಆಟದ ಸಾಮಾನಿನ ರಾಶಿ, ಮಕ್ಕಳ ಗದ್ದಲ, ಗೋಡೆಗೆ ಒರಗಿ ನಿಂತ ಇಬ್ಬರು ದೊಡ್ಡವರು. ಯಾರಾದರೂ ಬಿದ್ದರೆ ಎತ್ತುತ್ತಿದ್ದರು, ಅಷ್ಟೇ.

ಎರಡೂ ಮನಸ್ಸಿಗೆ ಒಪ್ಪಲಿಲ್ಲ. ಚುರುಕು ಮಗುವಿಗೆ ಹೊಂದುವ ಜಾಗವನ್ನು ಗುರುತಿಸುವುದು ಹೇಗೆ? ಮಾಂಟೆಸ್ಸರಿ ಒಳ್ಳೆಯದಾ? ದೊಡ್ಡ ಮಕ್ಕಳ ಕ್ಲಾಸಿಗೆ ಹಾಕಿ ಎಂದು ಕೇಳಬಹುದಾ? ಇಷ್ಟು ಬೇಗ ಕಳಿಸುವುದೇ ಬೇಡವಾ?

ಪುಟಾಣಿ ಟೀಚರ್

ಎರಡರಿಂದ ನಾಲ್ಕು ವರ್ಷದ ಮಕ್ಕಳ ಜೊತೆಗೇ ನನ್ನ ಕೆಲಸ, ಬಹಳ ವರ್ಷಗಳಿಂದ. ನೀವು ನೋಡಿದ ಎರಡು ಜಾಗಗಳಲ್ಲೂ ಕಾಣೆಯಾಗಿದ್ದು ಒಂದೇ ಸಂಗತಿ: ಮಗುವಿನ ಮಾತಿಗೆ ಮರುಮಾತು. ಮೊದಲನೆಯ ಕಡೆ ಮಾತೆಲ್ಲ ಟೀಚರದ್ದೇ. ಎರಡನೆಯ ಕಡೆ ಮಾತೇ ಇಲ್ಲ. ಪಠ್ಯಕ್ರಮ ಯಾವುದು, ಸಾಮಾನು ಎಷ್ಟಿದೆ ಎಂಬ ಪ್ರಶ್ನೆಗಳಿಗೂ ಮೊದಲು ಇದನ್ನು ನೋಡಿ.

ಕಟ್ಟಡ, ಬಣ್ಣ, ಗೋಡೆಯ ಚಿತ್ರ ಎಲ್ಲವನ್ನೂ ಬೇಗ ನೋಡಿ ಮುಗಿಸಿ. ಆಮೇಲೆ ಒಂದು ಮೂಲೆಯಲ್ಲಿ ಸುಮ್ನೆ ಕೂತು ಕಿವಿ ಕೊಡಿ. ಒಂದು ಉದಾಹರಣೆ ಹೇಳುತ್ತೇನೆ. ಮಗು ದೊಡ್ಡ ಲೋಟದ ನೀರನ್ನು ಸಣ್ಣ ಬಾಟಲಿಗೆ ಸುರಿಯುತ್ತಿದೆ. ನೀರು ಉಕ್ಕಿ ಟೇಬಲ್ ಮೇಲೆ ಹರಿಯಿತು. "ಅಯ್ಯೋ, ಚೆಲ್ಲಬೇಡ, ಇತ್ತ ಕೊಡು" ಅನ್ನುವವರು ಬೇಕಾದಷ್ಟು ಜನ. ಒಳ್ಳೆಯ ಟೀಚರ್ ಪಕ್ಕದಲ್ಲಿ ಕೂತು "ಬಾಟಲಿ ತುಂಬಿ ಹೋಯ್ತು, ಲೋಟದಲ್ಲಿ ಇನ್ನೂ ನೀರಿದೆ" ಎಂದು ಕಂಡದ್ದನ್ನು ಹೇಳುತ್ತಾಳೆ. ಆಮೇಲೆ ಕಾಯುತ್ತಾಳೆ. ಮಗು ಲೋಟ ನೋಡುತ್ತದೆ, ಬಾಟಲಿ ನೋಡುತ್ತದೆ. "ಇದು ಸಣ್ಣ" ಅನ್ನುತ್ತದೆ. "ಹೌದಾ? ಹಾಗಾದ್ರೆ ಉಳಿದ ನೀರಿಗೆ ಏನು ಮಾಡೋಣ?" ಮಗು ಎದ್ದು ಹೋಗಿ ಇನ್ನೊಂದು ಬಾಟಲಿ ತರುತ್ತದೆ. ಆ ನಡುವಿನ ಕಾಯುವಿಕೆ ಇದೆಯಲ್ಲ, ಅದನ್ನೇ ಗಮನಿಸಿ. ಎರಡೂವರೆ ವರ್ಷದ ಮಗುವಿಗೆ ಯೋಚಿಸಿ ಮಾತು ಜೋಡಿಸಲು ಕೆಲವು ಸೆಕೆಂಡು ಬೇಕು. ಬಹುತೇಕ ದೊಡ್ಡವರು ಅಷ್ಟು ಹೊತ್ತು ಬಿಡುವುದಿಲ್ಲ, ಉತ್ತರ ತಾವೇ ಹೇಳಿಬಿಡುತ್ತಾರೆ.

ಇದು ನಡೆಯಬೇಕಾದರೆ ಗುಂಪು ಚಿಕ್ಕದಿರಬೇಕು. ಅಮೆರಿಕದಲ್ಲಿ ಪ್ರೀ-ಸ್ಕೂಲ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಇವೈಸಿ ಸಂಸ್ಥೆ ಎರಡು ವರ್ಷದ ಆಸುಪಾಸಿನ ಮಕ್ಕಳ ಗುಂಪು 12 ದಾಟಬಾರದು, 4ರಿಂದ 6 ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕು ಅನ್ನುತ್ತದೆ. ಎಲ್ಲ ಕಡೆ ಇಷ್ಟು ಸಿಗದಿರಬಹುದು. ಆದರೂ ಅಳತೆಗೋಲು ಅಂತ ತಲೆಯಲ್ಲಿರಲಿ. ಲೆಕ್ಕ ಕೇಳುವಾಗ ಆಯಾ, ಆಫೀಸಿನವರನ್ನೂ ಸೇರಿಸಿ ಹೇಳುತ್ತಾರೆ. ಇಡೀ ಹೊತ್ತು ಮಕ್ಕಳ ಜೊತೆ ಕೋಣೆಯಲ್ಲಿ ಇರುವವರು ಎಷ್ಟು ಜನ ಎಂದು ಕೇಳಿ. ಆ ಟೀಚರ್ ಅಲ್ಲಿ ಎಷ್ಟು ಕಾಲದಿಂದ ಇದ್ದಾರೆ ಎಂದೂ ಕೇಳಿ. ಪದೇ ಪದೇ ಟೀಚರ್ ಬದಲಾಗುವ ಕಡೆ ನಿಮ್ಮ ಮಗಳ ನಿನ್ನೆಯ ಪ್ರಶ್ನೆ ಯಾರಿಗೂ ನೆನಪಿರುವುದಿಲ್ಲ.

ಓದುವ ಮನೆ

ಟೀಚರ್ ಹೇಳಿದ್ದು ಸರಿ. ಆದರೆ ಒಂದು ವಿಷಯಕ್ಕೆ ನನ್ನ ವಿರೋಧವಿದೆ. ಓದು ಕಲಿಸುವ ಶಾಲೆ ಅಂದ ಕೂಡಲೇ ಎಲ್ಲರೂ ಮುಖ ಗಂಟಿಕ್ಕುತ್ತಾರೆ. ನನ್ನ ಮಗ ಮೂರೂವರೆಗೆ ಸಣ್ಣ ಪುಸ್ತಕ ಓದುತ್ತಿದ್ದ. ಅವನಿಗೆ ಅದು ಹಿಂಸೆ ಆಗಿರಲಿಲ್ಲ. ಅಕ್ಷರ ಬೇಕು ಬೇಕು ಎಂದು ಅವನೇ ಹಟ ಮಾಡುತ್ತಿದ್ದ. ಅವನು ಹೋಗುತ್ತಿದ್ದ ಪ್ಲೇ ಹೋಮ್‌ನಲ್ಲಿ ಮಾತ್ರ "ಅದೆಲ್ಲ ಈಗ ಬೇಡ, ಆಟ ಆಡಲಿ" ಎಂದು ಪುಸ್ತಕಗಳನ್ನು ಎತ್ತರದ ಕಪಾಟಿನಲ್ಲಿ ಇಟ್ಟಿದ್ದರು. ಓದಲು ಹಸಿದ ಮಗುವಿಗೆ ಪುಸ್ತಕ ಕೊಡದಿರುವುದೂ ಒತ್ತಡವೇ ಅಲ್ವಾ?

ಪುಟಾಣಿ ಟೀಚರ್

ಖಂಡಿತ. ಪುಸ್ತಕವನ್ನು ಎತ್ತರದಲ್ಲಿಡುವ ಜಾಗಕ್ಕೆ ನಾನಂತೂ ಯಾವ ಮಗುವನ್ನೂ ಕಳಿಸುವುದಿಲ್ಲ. ಮಗು ಕೇಳಿದಾಗ ಅಕ್ಷರ ಹೇಳಿಕೊಡುವುದು ಬೇರೆ. ಇಪ್ಪತ್ತು ಮಕ್ಕಳಿಗೂ ಒಂದೇ ಹೊತ್ತಿಗೆ ಒಂದೇ ಅಕ್ಷರ ತಿದ್ದಿಸುವುದು ಬೇರೆ.

ಓದನ್ನೂ ಬರೆಯುವುದನ್ನೂ ಒಟ್ಟಿಗೆ ಕಟ್ಟಬೇಡಿ ಎಂದೂ ಹೇಳುತ್ತೇನೆ. ಬೇಗ ಓದುವ ಮಗುವಿನ ಕೈಯೂ ಬೇಗ ಬರೆಯಬೇಕು ಎಂದೇನಿಲ್ಲ. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವೆಲ್ಲ ಕಿವಿಯ ಹಾಲೆಯ ಮೇಲ್ಭಾಗದಂಥ ಮೆತ್ತನೆಯ ಮೃದ್ವಸ್ಥಿಯಾಗಿರುತ್ತವೆ. ಒಂದೊಂದಾಗಿ ವರ್ಷಗಟ್ಟಲೆ ಗಟ್ಟಿಯಾಗುತ್ತಾ ಹೋಗುತ್ತವೆ. ಎರಡು ಮೂರು ವರ್ಷದಲ್ಲಿ ಗಟ್ಟಿಯಾಗತೊಡಗಿರುವುದು ಎರಡೋ ಮೂರೋ ಮಾತ್ರ. ಬೆರಳಿನ ಹಿಡಿತವೂ ಇನ್ನೂ ಬರುತ್ತಿರುತ್ತದೆ. ಆ ಕೈಗೆ ಮಣ್ಣು ಕಲೆಸುವುದು, ಕಾಗದ ಹರಿಯುವುದು, ಮುಚ್ಚಳ ತಿರುಗಿಸುವುದು, ಗೋಡೆ ಮೇಲಿನ ದೊಡ್ಡ ಹಾಳೆಗೆ ಬಣ್ಣ ಬಳಿಯುವುದು ಬೇಕು. ಚುಕ್ಕಿ ಸೇರಿಸುವ ವರ್ಕ್‌ಶೀಟ್ ರಾಶಿ ಕಂಡರೆ "ಇದನ್ನು ಎಷ್ಟು ವರ್ಷದವರು ಮಾಡುತ್ತಾರೆ?" ಎಂದು ಕೇಳಿ.

ಮಾತಿನ ಥೆರಪಿಸ್ಟ್

ನಾನು ಮಕ್ಕಳ ಭಾಷೆ, ಮಾತಿನ ತೊಂದರೆಗಳ ಕ್ಷೇತ್ರದಲ್ಲಿ ಇದ್ದೇನೆ. ಬೇಗ ಓದುವುದರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪದ ಓದುವುದು, ಓದಿದ್ದು ಅರ್ಥವಾಗುವುದು, ಎರಡೂ ಜೊತೆಜೊತೆಗೆ ಸಾಗುತ್ತಿದ್ದರೆ ಸಂತೋಷ. ಕೆಲವು ಮಕ್ಕಳು ಕಂಡ ಕಂಡ ಪದ ಓದುತ್ತಾರೆ, ಆದರೆ ಎದುರಿಗಿರುವವರ ಜೊತೆ ನಾಲ್ಕು ಮಾತು ಆಡಲು ಕಷ್ಟಪಡುತ್ತಾರೆ. ಇದನ್ನು ಹೈಪರ್‌ಲೆಕ್ಸಿಯಾ ಎನ್ನುತ್ತಾರೆ. ಹಾಗೆ ಕಂಡರೆ ತಜ್ಞರಿಗೆ ತೋರಿಸುವುದು ಒಳ್ಳೆಯದು. ಮಳೆಬಿಲ್ಲು ಅವರ ಮಗಳು ಕೇಳಿದ ಉತ್ತರದಿಂದ ಮುಂದಿನ ಪ್ರಶ್ನೆ ಹುಟ್ಟಿಸುತ್ತಾಳೆ. ಅವಳ ಮಾತುಕತೆ ಚೆನ್ನಾಗಿಯೇ ಇದೆ.

"ಐಕ್ಯೂ ಟೆಸ್ಟ್ ಮಾಡಿಸಿ, ಸ್ಕೋರ್ ತನ್ನಿ" ಎಂದು ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡ ಅನ್ನಿ. ಇಷ್ಟು ಚಿಕ್ಕ ವಯಸ್ಸಿನ ಸ್ಕೋರ್ ಮುಂದೆ ಬಹಳ ಏರುಪೇರಾಗುತ್ತದೆ. ನಿದ್ದೆ ಸರಿಯಾಗದಿದ್ದರೆ, ಪರೀಕ್ಷೆ ಮಾಡುವವರ ಮುಖ ಹಿಡಿಸದಿದ್ದರೆ ಅವತ್ತಿನ ಲೆಕ್ಕವೇ ಬೇರೆ. ಕಲಿಕೆಯಲ್ಲೋ ನಡವಳಿಕೆಯಲ್ಲೋ ಏನಾದರೂ ಚಿಂತೆ ಇದ್ದರೆ ಮಾತ್ರ ಪರೀಕ್ಷೆಗೆ ಅರ್ಥವಿದೆ.

ಟೀಚರ್ ಹೇಳಿದ ಮರುಮಾತಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆ ಕೇಂದ್ರ "ಸರ್ವ್ ಅಂಡ್ ರಿಟರ್ನ್" ಎಂಬ ಮಾತು ಬಳಸುತ್ತದೆ. ಮಗು ನೋಟ, ಸನ್ನೆ, ಮಾತಿನಿಂದ ಚೆಂಡು ಹೊಡೆಯುತ್ತದೆ, ದೊಡ್ಡವರು ಅದನ್ನು ಹಿಂದಿರುಗಿಸುತ್ತಾರೆ. ಮೆದುಳಿನ ಜಾಲ ಗಟ್ಟಿಯಾಗುವುದು ಈ ಹೋಗಿ ಬರುವ ಆಟದಲ್ಲಿ. ಮಗುವಿನ ಕಿವಿಗೆ ಎಷ್ಟು ಪದ ಬಿತ್ತು ಎನ್ನುವುದಕ್ಕಿಂತ ಎಷ್ಟು ಸಲ ಮಾತು ಆ ಕಡೆಯಿಂದ ಈ ಕಡೆಗೆ ಬಂದು ಹೋಯಿತು ಎಂಬುದನ್ನು ನಾನು ನೋಡುತ್ತೇನೆ.

ತೊಟ್ಟಿಲು

ಮಾಂಟೆಸ್ಸರಿ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಬೆಳೆದವರು, ನಾನೂ ಒಂದಷ್ಟು ತರಬೇತಿ ತಗೊಂಡಿದ್ದೇನೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮರಿಯಾ ಮಾಂಟೆಸ್ಸರಿ ವೈದ್ಯೆ. 1907ರಲ್ಲಿ ರೋಮ್‌ನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ "ಮಕ್ಕಳ ಮನೆ" ಎಂಬ ತಮ್ಮ ಮೊದಲ ಶಾಲೆ ಶುರು ಮಾಡಿದರು. ಈಗ ಆ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಬೋರ್ಡ್ ಮೇಲೆ ಯಾರು ಬೇಕಾದರೂ ಬರೆದುಕೊಳ್ಳುತ್ತಾರೆ. ಹಾಗಾಗಿ ಹೆಸರು ನಂಬಬೇಡಿ, ಒಳಗೆ ಹೋಗಿ ನೋಡಿ. ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿ ಇದ್ದಾರಾ? ಬೆಳಿಗ್ಗೆ ಮೂರು ಗಂಟೆಯಷ್ಟು ಹೊತ್ತು ಗಂಟೆ ಬಾರಿಸದೆ ಮಕ್ಕಳನ್ನು ಅವರವರ ಕೆಲಸಕ್ಕೆ ಬಿಡುತ್ತಾರಾ? ಸಾಮಾನು ಮಗುವಿನ ಕೈಗೆ ಎಟುಕುವ ಕಪಾಟಿನಲ್ಲಿ ಇದೆಯಾ? ಟೀಚರ್ ತರಬೇತಿ ಪಡೆದಿದ್ದು ಎಲ್ಲಿ? ಮಾಂಟೆಸ್ಸರಿ ಅವರೇ 1929ರಲ್ಲಿ ಸ್ಥಾಪಿಸಿದ ಎಎಂಐ (ಅಂತರರಾಷ್ಟ್ರೀಯ ಮಾಂಟೆಸ್ಸರಿ ಸಂಘ) ಸಂಸ್ಥೆಯ ತರಬೇತಿ ಇದ್ದರೆ ಒಳ್ಳೆಯ ಲಕ್ಷಣ. ಮೂರಕ್ಕಿಂತ ಚಿಕ್ಕವರಿಗೆ ಬೇರೆ ಗುಂಪು ಇರುತ್ತದೆ, ಅದಕ್ಕೆ ತರಬೇತಿಯೂ ಬೇರೆ.

ಚುರುಕು ಮಗುವಿಗೆ ಇದು ಯಾಕೆ ಹೊಂದುತ್ತದೆ ಅಂದರೆ, ಮುಂದಕ್ಕೆ ಹೋಗಲು ಯಾರಿಗೂ ಕಾಯಬೇಕಿಲ್ಲ. ಪಿಂಕ್ ಟವರ್ ಎಂಬ ಸಾಮಾನು ನೋಡಿ. 10 ಮರದ ಘನಗಳು, ಅತಿ ಚಿಕ್ಕದು 1 ಸೆಂಟಿಮೀಟರ್, ಅತಿ ದೊಡ್ಡದು 10. ಬಣ್ಣ ಎಲ್ಲಕ್ಕೂ ಒಂದೇ, ಗಾತ್ರ ಮಾತ್ರ ಬೇರೆ. ಒಂದು ಘನ ತಪ್ಪಿಟ್ಟರೆ ಕಣ್ಣಿಗೇ ಗೊತ್ತಾಗುತ್ತದೆ. ಟೀಚರ್ "ತಪ್ಪು" ಅನ್ನಬೇಕಿಲ್ಲ. ನನ್ನ ಮಗಳು ಕೊನೆಯ ಪುಟ್ಟ ಘನವನ್ನು ಗೋಪುರದ ತುದಿಯಿಂದ ತೆಗೆದು, ಕೆಳಗಿನ ಘನಗಳ ಅಂಚಿನಲ್ಲಿ ಉಳಿದ ಜಾಗಕ್ಕೆ ಇಟ್ಟು ಇಟ್ಟು ನೋಡುತ್ತಿದ್ದಳು. ಪ್ರತಿ ಮೆಟ್ಟಿಲಿಗೂ ಅದು ಸರಿಯಾಗಿ ಕೂರುತ್ತಿತ್ತು. ಒಂದೊಂದು ಘನಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸ ಆ ಪುಟ್ಟ ಘನದಷ್ಟೇ ಎಂದು ಕೈಯಿಂದಲೇ ಕಂಡುಕೊಂಡಳು.

ಸಂಶೋಧನೆಯೂ ಇದೆ. ಅಮೆರಿಕದ ಮಿಲ್ವಾಕಿಯಲ್ಲಿ ಲಾಟರಿ ಎತ್ತಿ ಮಾಂಟೆಸ್ಸರಿ ಶಾಲೆಗೆ ಸೀಟು ಕೊಡುತ್ತಿದ್ದರು. ಲಾಟರಿಯಲ್ಲಿ ಗೆದ್ದವರನ್ನೂ ಸೋತವರನ್ನೂ ಹೋಲಿಸಿ ಏಂಜಲೀನ್ ಲಿಲ್ಲಾರ್ಡ್, ನಿಕೋಲ್ ಎಲ್ಸ್-ಕ್ವೆಸ್ಟ್ 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಐದು ವರ್ಷದ ಮಾಂಟೆಸ್ಸರಿ ಮಕ್ಕಳು ಓದಿನಲ್ಲಿ, ಲೆಕ್ಕದಲ್ಲಿ, ಬದಲಾಗುವ ನಿಯಮಕ್ಕೆ ಹೊಂದಿಕೊಂಡು ಯೋಚಿಸುವುದರಲ್ಲಿ ಮುಂದಿದ್ದರು. ಅಧ್ಯಯನ ಮಾಡಿದ್ದು ಪದ್ಧತಿಯನ್ನು ಸರಿಯಾಗಿ ಪಾಲಿಸುವ ಶಾಲೆಯಲ್ಲಿ ಎಂಬುದು ಗಮನದಲ್ಲಿರಲಿ.

ಕಾಗದದ ದೋಣಿ

ಮಾಂಟೆಸ್ಸರಿ ಎಲ್ಲ ಮಕ್ಕಳಿಗೂ ಹೊಂದುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ಮಗನಿಗೆ ಕಲ್ಪನೆಯ ಆಟ ಪ್ರಾಣ. ಕೈಗೆ ಸಿಕ್ಕಿದ್ದೆಲ್ಲ ಹಡಗು, ಡ್ರ್ಯಾಗನ್, ಆಸ್ಪತ್ರೆ. ಅವನು ಹೋದ ಮೊದಲ ಶಾಲೆಯಲ್ಲಿ ಮರದ ಕೋಲುಗಳನ್ನು ರೈಲು ಮಾಡಿ ಓಡಿಸಿದ್ದಕ್ಕೆ "ಇದು ಹೀಗೆ ಬಳಸುವ ಸಾಮಾನಲ್ಲ" ಎಂದು ತೆಗೆದಿಟ್ಟರು. ದಿನವೂ ಇದೇ ಆಯಿತು. ಅವನಿಗೆ ಅಲ್ಲಿ ಉಸಿರು ಕಟ್ಟಿತು.

ಆಮೇಲೆ ರೆಜ್ಜಿಯೊ ಎಮಿಲಿಯಾ ವಿಚಾರದಿಂದ ಪ್ರಭಾವಿತವಾದ ಒಂದು ಚಿಕ್ಕ ಜಾಗ ಸಿಕ್ಕಿತು. ಇಟಲಿಯ ಆ ಊರಿನಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಪೋಷಕರೇ ಸೇರಿ ಮಕ್ಕಳಿಗೆ ಶಾಲೆ ಕಟ್ಟಿಕೊಂಡರು. ಲೋರಿಸ್ ಮಲಗುಜ್ಜಿ ಎಂಬ ಶಿಕ್ಷಕರು ಅದಕ್ಕೆ ಒಂದು ದಾರಿ ತೋರಿಸಿದರು. 1963ರಲ್ಲಿ ಅಲ್ಲಿನ ನಗರಸಭೆ ತನ್ನ ಮೊದಲ ಶಾಲೆ ತೆರೆಯಿತು. ಅಲ್ಲಿ ಮಕ್ಕಳ ಪ್ರಶ್ನೆಯೇ ಪಾಠವಾಗುತ್ತದೆ. ಒಂದು ನೆರಳಿನ ಬಗ್ಗೆ ಮಕ್ಕಳು ಕೇಳಿದರೆ ವಾರಗಟ್ಟಲೆ ನೆರಳಿನ ಹಿಂದೆಯೇ ಹೋಗುತ್ತಾರೆ, ಚಿತ್ರ ಬರೆಯುತ್ತಾರೆ, ಮಣ್ಣಲ್ಲಿ ಮಾಡುತ್ತಾರೆ, ಟಾರ್ಚ್ ಹಿಡಿದು ಆಡುತ್ತಾರೆ. ಟೀಚರ್ ಮಕ್ಕಳು ಆಡಿದ ಮಾತನ್ನು ಬರೆದು ಗೋಡೆಗೆ ಹಾಕುತ್ತಾರೆ.

ಗೋಡೆ ನೋಡುವುದು ನನಗೆ ಈಗ ಅಭ್ಯಾಸ. ಇಪ್ಪತ್ತು ಒಂದೇ ಥರದ ಕಾಗದದ ಚಿಟ್ಟೆಗಳು ಇದ್ದರೆ ಅವನ್ನು ಕತ್ತರಿಸಿದ್ದು ದೊಡ್ಡವರು. ಇಪ್ಪತ್ತು ಬೇರೆ ಬೇರೆ ಗೀಚುಗಳು, ಪಕ್ಕದಲ್ಲಿ "ಇದು ಮಳೆ ಬರೋ ಮುಂಚೆ" ಎಂದು ಮಗುವಿನದ್ದೇ ಮಾತು ಬರೆದಿದ್ದರೆ, ಅಲ್ಲಿ ಯಾರೋ ಕೇಳಿಸಿಕೊಂಡಿದ್ದಾರೆ.

ತೊಟ್ಟಿಲು

ಮೊದಲ ಶಾಲೆಯವರು ಹಾಗೆ ನಡೆದುಕೊಂಡದ್ದು ಬೇಸರದ ಸಂಗತಿ. ಮಗುವಿನ ಸ್ವಭಾವ ನೋಡಿ ಆರಿಸಬೇಕು ಅನ್ನುವುದು ನಿಜ. ಕಲ್ಪನೆಯ ಆಟಕ್ಕೆ ಹೊರಗಡೆ ಜಾಗ, ಹೊತ್ತು ಎರಡೂ ಇದೆಯಾ ಎಂದು ಮಾಂಟೆಸ್ಸರಿಯಲ್ಲೂ ಕೇಳಲೇಬೇಕು.

ಓದುವ ಮನೆ

ಬ್ಲಾಕ್‌ಗಳ ಬಗ್ಗೆ ಒಂದು ಮಾತು. ಯಾವ ಪದ್ಧತಿಯ ಶಾಲೆಯಾದರೂ ಮರದ ಯೂನಿಟ್ ಬ್ಲಾಕ್ ಸಾಕಷ್ಟು ಇದೆಯಾ ನೋಡಿ. ಕ್ಯಾರೊಲಿನ್ ಪ್ರ್ಯಾಟ್ ಎಂಬ ಅಮೆರಿಕದ ಶಿಕ್ಷಕಿ ಸುಮಾರು ನೂರು ವರ್ಷದ ಹಿಂದೆ ರೂಪಿಸಿದ ಬ್ಲಾಕ್ ಅವು. ಒಂದು ಬ್ಲಾಕ್‌ನ ಅರ್ಧ, ಎರಡರಷ್ಟು, ನಾಲ್ಕರಷ್ಟು ಉದ್ದ ಹೀಗೆ ಲೆಕ್ಕವಾಗಿ ಕತ್ತರಿಸಿರುತ್ತಾರೆ. ಸೇತುವೆ ಕಟ್ಟುವಾಗ ಒಂದು ಕಡೆ ಬ್ಲಾಕ್ ಸಾಲದೆ ಹೋದರೆ ಮಗು ಎರಡು ಅರ್ಧ ಸೇರಿಸಿ ಒಂದು ಮಾಡುತ್ತದೆ. ಎರಡು ವರ್ಷದ ಮಗು ಸಾಲಾಗಿ ಇಡುತ್ತದೆ, ಐದು ವರ್ಷದ ಮಗು ಊರನ್ನೇ ಕಟ್ಟುತ್ತದೆ. ಸಾಮಾನು ಒಂದೇ. ಚುರುಕು ಮಗುವಿಗೆ ಬೇಕಾದ್ದು ಇಂಥದ್ದು, ಮುಗಿದುಹೋಗದ ಸಾಮಾನು. ಗುಂಡಿ ಒತ್ತಿದರೆ ಹಾಡುವ ಆಟಿಕೆ ಒಂದೇ ದಿನಕ್ಕೆ ಮುಗಿಯುತ್ತದೆ.

ಮುಂಜಾವು

ದೊಡ್ಡ ಮಕ್ಕಳ ಕ್ಲಾಸಿಗೆ ಹಾಕಬಹುದಾ ಎಂದು ಕೇಳಿದ್ದೀರಿ. ನಮ್ಮ ಮಗನ ಅನುಭವ ಹೇಳುತ್ತೇನೆ. ಮೂರು ವರ್ಷಕ್ಕೆ ನೂರರವರೆಗೆ ಎಣಿಸುತ್ತಿದ್ದ. ಶಾಲೆಯವರೇ ಒತ್ತಾಯ ಮಾಡಿ ನಾಲ್ಕೂವರೆಯವರ ಜೊತೆ ಕೂರಿಸಿದರು. ಪಾಠದಲ್ಲಿ ಒಂದು ಚೂರೂ ಹಿಂದೆ ಬೀಳಲಿಲ್ಲ. ಆದರೆ ಚಪ್ಪಲಿಯ ಪಟ್ಟಿ ಹಾಕಲು ಬರುತ್ತಿರಲಿಲ್ಲ, ಟಾಯ್ಲೆಟ್‌ಗೆ ಒಬ್ಬನೇ ಹೋಗಲು ಹೆದರಿಕೆ, ಆಟದಲ್ಲಿ ಅವನ ಸರದಿ ಬರುವಷ್ಟರಲ್ಲಿ ದೊಡ್ಡವರು ಇನ್ನೊಂದು ಆಟಕ್ಕೆ ಓಡಿರುತ್ತಿದ್ದರು. ಅಲ್ಲಿನ ಟೀಚರ್ "ಇಷ್ಟು ಬುದ್ಧಿವಂತ, ಇಷ್ಟಕ್ಕೆಲ್ಲಾ ಅಳ್ತಾನಲ್ಲ" ಅನ್ನುತ್ತಿದ್ದರು. ಮೂರು ವರ್ಷದವನು ಅಳುವುದರಲ್ಲಿ ಆಶ್ಚರ್ಯವೇನಿದೆ?

ಇಂಥ ಮಕ್ಕಳಲ್ಲಿ ಬುದ್ಧಿ ಒಂದು ವಯಸ್ಸಿನದು, ಕೈಕಾಲು ಇನ್ನೊಂದು ವಯಸ್ಸಿನದು, ಮನಸ್ಸು ಮತ್ತೊಂದು ವಯಸ್ಸಿನದು. ಮೂರೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಇಡೀ ಮಗುವನ್ನು ಎತ್ತಿ ಮೇಲಿನ ಕ್ಲಾಸಿಗೆ ಹಾಕುವುದಕ್ಕಿಂತ, ವಯಸ್ಸು ಬೆರೆತ ಗುಂಪು ಇರುವ ಕಡೆ ನೋಡಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಪಜಲ್‌ಗೆ ಐದು ವರ್ಷದವರ ಪಕ್ಕ ಕೂರಬಹುದು, ಮಣ್ಣಾಟಕ್ಕೆ ತನ್ನ ಓರಗೆಯವರ ಜೊತೆ ಇರಬಹುದು.

ಮಾತಿನ ಥೆರಪಿಸ್ಟ್

ಮುಂಜಾವು ಅವರ ಮಾತಿಗೆ ನನ್ನದೂ ಒಪ್ಪಿಗೆ. ಮಾತು ದೊಡ್ಡವರಂತೆ ಇರುವ ಮಗುವನ್ನು ದೊಡ್ಡವರು ತಮಗೆ ಗೊತ್ತಿಲ್ಲದೆ ದೊಡ್ಡದೆಂದೇ ನಡೆಸಿಕೊಳ್ಳುತ್ತಾರೆ. "ಹೇಳಿದರೆ ಅರ್ಥವಾಗುತ್ತಲ್ಲ, ಮತ್ತೆ ಯಾಕೆ ಹಟ?" ಅನ್ನುತ್ತಾರೆ. ಅರ್ಥವಾಗುವುದು ಬೇರೆ, ತಡೆದುಕೊಳ್ಳಲು ಆಗುವುದು ಬೇರೆ. ಶಾಲೆ ನೋಡಲು ಹೋದಾಗ ಮಗು ರಂಪ ಮಾಡುವ ಸಂದರ್ಭ ಸಿಕ್ಕರೆ ಅದನ್ನು ಬಿಡದೆ ಗಮನಿಸಿ. ಟೀಚರ್ ಕೆಳಗೆ ಕೂತರಾ, ಗದರಿದರಾ, ನಾಚಿಕೆ ಪಡಿಸಿದರಾ? ಒಂದು ಪೂರ್ತಿ ದಿನದ ವೇಳಾಪಟ್ಟಿಗಿಂತ ಆ ಎರಡು ನಿಮಿಷ ಜಾಸ್ತಿ ತಿಳಿಸುತ್ತದೆ.

ಒಬ್ಬ ಅಜ್ಜಿ

ಎರಡೂವರೆಗೇ ಶಾಲೆ ಯಾಕಮ್ಮಾ? ಮನೆಯಲ್ಲಿ ಮಾತಾಡುವ ಜನ ಇದ್ದಾರೆ, ಪುಸ್ತಕ ಇದೆ, ನೀರಾಟ ಇದೆ. ನಮ್ಮ ಮೊಮ್ಮಗಳು ನಾಲ್ಕರ ತನಕ ಮನೆಯಲ್ಲೇ ಇದ್ದಳು. ಏನೂ ಕಡಿಮೆ ಆಗಲಿಲ್ಲ.

ಪುಟಾಣಿ ಟೀಚರ್

ಅಜ್ಜಿ ಹೇಳಿದ್ದು ತೂಕದ ಮಾತು. ನಾನು ಶಾಲೆಯವಳೇ ಆದರೂ ಹೇಳುತ್ತೇನೆ, ಮನೆಯಲ್ಲಿ ಮಾತುಕತೆ, ಹೊರಗೆ ಓಡಾಟ, ವಾರದಲ್ಲಿ ಆಗಾಗ ಬೇರೆ ಮಕ್ಕಳ ಜೊತೆ ಆಟ ಸಿಗುವ ಮಗುವಿಗೆ ಈ ವಯಸ್ಸಿನಲ್ಲಿ ಪ್ರೀ-ಸ್ಕೂಲ್ ತಪ್ಪಿದರೆ ನಷ್ಟವಿಲ್ಲ.

ಪ್ರೀ-ಸ್ಕೂಲ್ ಪರವಾಗಿ ಎಲ್ಲರೂ ಎತ್ತಿ ಹೇಳುವುದು ಪೆರ್ರಿ ಅಧ್ಯಯನವನ್ನು. 1962ರಿಂದ 1967ರ ನಡುವೆ ಅಮೆರಿಕದ ಇಪ್ಸಿಲಾಂಟಿಯಲ್ಲಿ ಬಡ ಕುಟುಂಬಗಳ 123 ಮಕ್ಕಳನ್ನು ತಗೊಂಡರು. 58 ಮಕ್ಕಳಿಗೆ ಪ್ರೀ-ಸ್ಕೂಲ್, ಉಳಿದವರಿಗೆ ಇಲ್ಲ. 40 ವರ್ಷ ವಯಸ್ಸಾಗುವ ತನಕ ಅವರನ್ನು ಗಮನಿಸಿದರು. ಪ್ರೀ-ಸ್ಕೂಲ್‌ಗೆ ಹೋದವರಲ್ಲಿ ಓದು ಮುಗಿಸಿದವರು, ಕೆಲಸದಲ್ಲಿದ್ದವರು ಹೆಚ್ಚು. ಆದರೆ ಅಲ್ಲಿ ಏನಿತ್ತು ನೋಡಿ: ಆರು ಮಕ್ಕಳಿಗೆ ಸುಮಾರು ಒಬ್ಬ ಟೀಚರ್, ದಿನಕ್ಕೆ ಎರಡೂವರೆ ಗಂಟೆ ಮಾತ್ರ, ವಾರಕ್ಕೊಮ್ಮೆ ಟೀಚರ್ ಮನೆಗೇ ಬಂದು ತಾಯಿ ಮಗುವಿನ ಜೊತೆ ಕೂರುತ್ತಿದ್ದರು. ಮಕ್ಕಳು ಇವತ್ತು ಏನು ಮಾಡುತ್ತೇವೆ ಎಂದು ತಾವೇ ಹೇಳಿ, ಮಾಡಿ, ಆಮೇಲೆ ಏನಾಯಿತು ಎಂದು ಮಾತಾಡುವ ಕ್ರಮ ಅಲ್ಲಿ ಬೆಳೆಯಿತು. ಅದನ್ನೇ ಈಗ ಹೈಸ್ಕೋಪ್ ಎನ್ನುತ್ತಾರೆ.

ಇನ್ನೊಂದು ಕಡೆ ಟೆನ್ನೆಸ್ಸೀ ರಾಜ್ಯದ ಸರ್ಕಾರಿ ಪ್ರೀ-ಸ್ಕೂಲ್‌ಗಳ ಅಧ್ಯಯನ. ಸುಮಾರು 3,000 ಮಕ್ಕಳು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ, ಹೋದ ಮಕ್ಕಳು ಆರನೇ ತರಗತಿ ಹೊತ್ತಿಗೆ ಪರೀಕ್ಷೆಯಲ್ಲಿ ಹೋಗದವರಿಗಿಂತ ಹಿಂದೆ ಬಿದ್ದಿದ್ದರು. ಸುಮ್ನೆ ಎಲ್ಲಿಗಾದರೂ ಕಳಿಸಿದರೆ ಒಳ್ಳೆಯದಾಗುತ್ತದೆ ಎಂದು ನಂಬಲು ಆಧಾರವಿಲ್ಲ. ಆ ಕೋಣೆಯ ಒಳಗೆ ಏನು ನಡೆಯುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಕಾಗದದ ದೋಣಿ

ಕೆಲಸಕ್ಕೆ ಹೋಗುವ ತಂದೆ ತಾಯಿಗೆ ಮನೆಯಲ್ಲಿ ಇಟ್ಟುಕೊಳ್ಳುವ ಆಯ್ಕೆ ಇರುವುದಿಲ್ಲ, ಅದೂ ನೆನಪಿರಲಿ. ಅಂಥವರಿಗೆ ಒಂದು ಸಲಹೆ. ಇಡೀ ದಿನದ ಜಾಗವಾದರೆ ನಿದ್ದೆ ಮತ್ತು ಓಡಾಟ ಎರಡನ್ನೂ ಗಟ್ಟಿಯಾಗಿ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದ ಒಳಗಿನ ಮಕ್ಕಳಿಗೆ ಒಂದು ಮಾರ್ಗಸೂಚಿ ಕೊಟ್ಟಿದೆ. ಒಂದರಿಂದ ಎರಡು ವರ್ಷದವರಿಗೂ ಮೂರು ನಾಲ್ಕು ವರ್ಷದವರಿಗೂ ದಿನಕ್ಕೆ ಕಡಿಮೆಯೆಂದರೂ 180 ನಿಮಿಷ ಮೈ ಚಟುವಟಿಕೆ ಬೇಕು. ನಿದ್ದೆ ಚಿಕ್ಕವರಿಗೆ 11ರಿಂದ 14 ಗಂಟೆ, ಮೂರು ನಾಲ್ಕರವರಿಗೆ 10ರಿಂದ 13 ಗಂಟೆ, ಹಗಲಿನ ನಿದ್ದೆಯೂ ಸೇರಿ. ಎರಡು ವರ್ಷದವರಿಗೆ ಸ್ಕ್ರೀನ್ ಹೆಚ್ಚೆಂದರೆ 1 ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು. "ಸ್ಮಾರ್ಟ್ ಕ್ಲಾಸ್ ಇದೆ" ಎಂದು ಹೆಮ್ಮೆಯಿಂದ ತೋರಿಸಿದರೆ, ದಿನಕ್ಕೆ ಎಷ್ಟು ಹೊತ್ತು ಹಾಕುತ್ತೀರಿ ಎಂದು ಕೇಳಿ.

ಮಳೆಬಿಲ್ಲು

ಎಲ್ಲರಿಗೂ ತುಂಬಾ ಧನ್ಯವಾದ. ನಿಮ್ಮ ಮಾತು ಓದಿದ ಮೇಲೆ ಬೇರೆ ಕಣ್ಣಿಂದ ನೋಡಲು ಶುರು ಮಾಡಿದೆ. ಈಚೆಗೆ ಎರಡು ಜಾಗ ನೋಡಿ ಬಂದೆವು.

ಮೊದಲನೆಯದು ದೊಡ್ಡದು, ಹೊಸದು, ಎಲ್ಲ ಸಾಮಾನೂ ಇದೆ. ಕೂತು ನೋಡಲು ಬಿಡಿ ಅಂದಾಗ "ಕ್ಯಾಮೆರಾದಲ್ಲಿ ತೋರಿಸುತ್ತೇವೆ, ಒಳಗೆ ಬಿಡುವ ಪದ್ಧತಿ ಇಲ್ಲ" ಅಂದರು. ಪರದೆಯ ಮೇಲೆ ಮಕ್ಕಳು ಕಂಡರು, ಮಾತು ಕೇಳಿಸಲಿಲ್ಲ. ನನಗೆ ಬೇಕಾಗಿದ್ದು ಮಾತೇ ಆಗಿತ್ತು.

ಎರಡನೆಯದು ಚಿಕ್ಕ ಜಾಗ. ಹನ್ನೊಂದು ಮಕ್ಕಳು, ಇಬ್ಬರು ಟೀಚರ್. ಎರಡೂವರೆಯಿಂದ ನಾಲ್ಕರ ತನಕ ಒಟ್ಟಿಗೆ. ಸಾಮಾನು ಅಷ್ಟೇನಿಲ್ಲ. ಮರದ ಬ್ಲಾಕ್, ಮರಳು, ಪುಸ್ತಕಗಳು ಕೆಳಗಿನ ಕಪಾಟಿನಲ್ಲಿ, ಮೂಲೆ ಬಾಗಿ ಹಳೆಯದಾಗಿವೆ. ನಾವು ಕೂತಿದ್ದಾಗ ಒಬ್ಬ ಹುಡುಗ ಮರಳಿನ ಗುಂಡಿಗೆ ನೀರು ಹಾಕಿ "ಕುಡಿದುಬಿಡ್ತು!" ಎಂದು ಕೂಗಿದ. ಟೀಚರ್ ಪಕ್ಕ ಬಂದು "ಇನ್ನೂ ಬಾಯಾರಿಕೆ ಇದೆಯಾ ನೋಡು" ಅಂದರು. ಅವನು ಮತ್ತೆ ಹಾಕಿದ, ಮತ್ತೆ ಹಾಕಿದ. ಒಂದು ಹೊತ್ತಿಗೆ ನೀರು ನಿಂತಿತು. "ಹೊಟ್ಟೆ ತುಂಬ್ತು" ಅಂದ. ಅಷ್ಟರಲ್ಲಿ ನನ್ನ ಮಗಳು ನನ್ನ ಕೈ ಬಿಟ್ಟು ಅಲ್ಲಿಗೆ ಹೋಗಿದ್ದಳು. ಅವರಿಬ್ಬರೂ ಮಾತಾಡಿಕೊಳ್ಳಲಿಲ್ಲ, ಪಕ್ಕಪಕ್ಕದಲ್ಲಿ ತಂತಮ್ಮ ಗುಂಡಿ ತೋಡುತ್ತಿದ್ದರು.

ಈ ಕೊನೆಯದು ಸ್ವಲ್ಪ ಯೋಚನೆಗೆ ಹಚ್ಚಿತು. ಮನೆಯಲ್ಲಿ ಇಷ್ಟು ಮಾತಾಡುವವಳು ಮಕ್ಕಳ ಜೊತೆ ಯಾಕೆ ಮಾತಾಡುವುದಿಲ್ಲ? ಇನ್ನೊಂದು ಪ್ರಶ್ನೆ, ಬಿಟ್ಟು ಬರುವಾಗ ಅಳುವುದನ್ನು ಹೇಗೆ ನಿಭಾಯಿಸಬೇಕು?

ಮಾತಿನ ಥೆರಪಿಸ್ಟ್

ಮೊದಲ ಪ್ರಶ್ನೆಗೆ ಚಿಂತೆ ಬೇಡ. ಪಕ್ಕಪಕ್ಕದಲ್ಲಿ ತಂತಮ್ಮ ಆಟ ಆಡುವುದು ಈ ವಯಸ್ಸಿನ ಸಹಜ ರೀತಿ. ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲೇ ಮಕ್ಕಳ ಆಟದ ಬಗೆಗಳನ್ನು ವಿಂಗಡಿಸಿದರು: ಒಂಟಿ ಆಟ, ಪಕ್ಕದಲ್ಲಿ ಸಮಾನಾಂತರ ಆಟ, ಬೆರೆತು ಆಡುವ ಆಟ, ಕೂಡಿ ಒಂದು ಗುರಿಗೆ ಆಡುವ ಆಟ. ಮಾತಿನಲ್ಲಿ ಮುಂದಿರುವ ಮಗು ಆಟದಲ್ಲೂ ಮುಂದಿರಬೇಕಿಲ್ಲ. ಅವಳು ಆ ಹುಡುಗನನ್ನು ನೋಡಿ ತಾನೂ ತೋಡಿದಳಲ್ಲ, ಒಡನಾಟ ಶುರುವಾಗುವುದು ಹೀಗೆ.

ಪುಟಾಣಿ ಟೀಚರ್

ಎರಡನೇ ಜಾಗ ಓದಿ ತುಂಬಾ ಸಂತೋಷವಾಯಿತು. ಮರಳಿನ ಪಕ್ಕ ಬಂದ ಆ ಟೀಚರ್ ಅಲ್ಲಿ ಮುಂದುವರಿಯುತ್ತಾರಾ ಎಂದು ಒಂದು ಮಾತು ಕೇಳಿ ನೋಡಿ.

ಬಿಟ್ಟು ಬರುವ ವಿಷಯ. ಮೊದಲ ಕೆಲವು ದಿನ ನೀವೂ ಒಳಗೆ ಕೂರಲು ಬಿಡುತ್ತಾರಾ ಕೇಳಿ. "ತಾಯಿ ಬಂದರೆ ಅಳು ಜಾಸ್ತಿ, ಗೇಟಿನಲ್ಲೇ ಕೊಟ್ಟು ಹೋಗಿ" ಎಂದು ಹಟ ಮಾಡುವ ಕಡೆ ನಾನು ಎರಡು ಸಲ ಯೋಚಿಸುತ್ತೇನೆ. ಮೊದಲು ಸ್ವಲ್ಪ ಹೊತ್ತು, ಆಮೇಲೆ ಒಂದು ಗಂಟೆ, ಆಮೇಲೆ ಪೂರ್ತಿ ಬೆಳಿಗ್ಗೆ. ಕಣ್ಣು ತಪ್ಪಿಸಿ ಮಾತ್ರ ಹೋಗಬೇಡಿ. ಅವಳು ಆಟದಲ್ಲಿ ಮುಳುಗಿದ್ದರೂ ಸರಿ, ಹೇಳಿಯೇ ಹೋಗಿ. ನಿಮ್ಮ ಮಗಳಂಥವರಿಗೆ ನಿಖರವಾಗಿ ಹೇಳಬೇಕು: "ಮರಳಾಟ ಆದಮೇಲೆ ಕಥೆ, ಕಥೆ ಆದಮೇಲೆ ನಾನು." ಹೇಳಿದ ಹೊತ್ತಿಗೆ ಬಂದು ನಿಲ್ಲಿ. ವಿದಾಯ ಚಿಕ್ಕದಿರಲಿ.

ಸೇರಿಸುವ ಮುಂಚೆ ಟೀಚರ್‌ಗೆ ಒಂದು ಪುಟ ಬರೆದುಕೊಡಿ. ಅವಳಿಗೆ ಎಷ್ಟು ಅಕ್ಷರ ಗೊತ್ತು ಎಂದು ಬರೆಯಬೇಡಿ, ಅದು ಅವರಿಗೇ ತಿಳಿಯುತ್ತದೆ. ಅವಳಿಗೆ ಯಾವ ಸದ್ದಿಗೆ ಹೆದರಿಕೆ, ಸುಸ್ತಾದಾಗ ಹೇಗಾಗುತ್ತಾಳೆ, ಟಾಯ್ಲೆಟ್‌ಗೆ ಯಾವ ಮಾತು ಬಳಸುತ್ತಾಳೆ, ಸದ್ಯ ಯಾವುದರ ಬೆನ್ನು ಹತ್ತಿದ್ದಾಳೆ, ಇಷ್ಟು ಸಾಕು.

ಮೊದಲ ವಾರಗಳಲ್ಲಿ ಮನೆಗೆ ಬಂದ ಮೇಲೆ ಕಾರಣವಿಲ್ಲದೆ ರಂಪ ಮಾಡಬಹುದು. ಅಲ್ಲಿ ಇಡೀ ಬೆಳಿಗ್ಗೆ ಹಿಡಿದಿಟ್ಟುಕೊಂಡಿದ್ದು ನಿಮ್ಮ ಮುಂದೆ ಹೊರಬರುತ್ತದೆ. ತಿನ್ನಿಸಿ, ಮಲಗಿಸಿ, "ಇವತ್ತು ಏನು ಕಲಿತೆ?" ಎಂದು ಕೇಳಬೇಡಿ. ತಿಂಗಳುಗಟ್ಟಲೆ ಕಳೆದರೂ ಬೆಳಿಗ್ಗೆ ಎದ್ದ ಕೂಡಲೇ ಅಳು, ನಿದ್ದೆಯಲ್ಲಿ ಬೆಚ್ಚುವುದು, ಅಥವಾ ಪ್ರಶ್ನೆ ಕೇಳುವುದೇ ನಿಂತುಹೋಗುವುದು ಕಂಡರೆ ಆಗ ಟೀಚರ್ ಜೊತೆ ಕೂತು ಮಾತಾಡಿ. ಸರಿ ಹೋಗದಿದ್ದರೆ ಬಿಡಿಸಲು ಸಂಕೋಚ ಬೇಡ.

ಮಳೆಬಿಲ್ಲು

ಟೀಚರ್ ಮುಂದಿನ ವರ್ಷವೂ ಇರುತ್ತಾರಂತೆ, ಕೇಳಿದೆ. ಮೊದಲ ವಾರ ಒಳಗೆ ಕೂರಲು ಅಡ್ಡಿಯಿಲ್ಲ ಅಂದರು. ಹೊರಗಡೆ ಓಡಾಡುವ ಜಾಗ ಸ್ವಲ್ಪ ಚಿಕ್ಕದು, ಅದನ್ನು ಸಂಜೆ ನಾವೇ ಸರಿದೂಗಿಸುತ್ತೇವೆ. ಎರಡನೆಯ ಜಾಗವನ್ನೇ ಗಟ್ಟಿ ಮಾಡಿದ್ದೇವೆ, ಮೂರು ತುಂಬಿದ ಮೇಲೆ, ಅರ್ಧ ದಿನ. ಅಲ್ಲಿಯ ತನಕ ಅಜ್ಜಿ ಹೇಳಿದ ಹಾಗೆ ಮನೆಯಲ್ಲೇ ಇರುತ್ತಾಳೆ. ಯೂನಿಟ್ ಬ್ಲಾಕ್ ಹುಡುಕುತ್ತಿದ್ದೇನೆ. ಓದುವ ಮನೆ ಅವರೇ, ಶುರುವಿಗೆ ಸುಮಾರು ಎಷ್ಟು ತುಂಡು ಇದ್ದರೆ ಸಾಕಾಗುತ್ತದೆ?

ಓದುವ ಮನೆ

ಒಂದು ಮಗುವಿಗೆ ಶುರುವಿನಲ್ಲಿ ಅರವತ್ತರಷ್ಟು ಇದ್ದರೆ ಧಾರಾಳ. ತರಾವರಿ ಆಕಾರಕ್ಕೆ ಹೋಗಬೇಡಿ. ಒಂದರ ಅಳತೆಯವು, ಎರಡರಷ್ಟು ಉದ್ದದವು ಜಾಸ್ತಿ ಇರಲಿ, ಅರ್ಧದವು ಒಂದಷ್ಟು. ಬಣ್ಣ ಬಳಿಯದ ಮರದ್ದೇ ನೋಡಿ, ಅಂಚು ಕೈಗೆ ಚುಚ್ಚದ ಹಾಗೆ ಉಜ್ಜಿರಬೇಕು.